ಇಕ್ಕಟ್ಟಿನ ಕಾಂತ, ಕಾಣದ ಓರಣ: ಈ ಪದಗಳು ನಿಲ್ಲುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳೋಣ ಅಂತ ಕುಳಿತೆ. ಬರೆಯುತ್ತಾ ಹೋದ ಹಾಗೆ ಅದು ಮೂರು ಪದ ಆಯಿತು, ಆ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಸ್ವಲ್ಪ ಉದ್ದವಾಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಭೌತವಿಜ್ಞಾನದಲ್ಲಿ ‘ಫ್ರಸ್ಟ್ರೇಟೆಡ್ ಮ್ಯಾಗ್ನೆಟ್’ ಅಂತ ಒಂದು ಬಗೆಯ ವಸ್ತುಗಳಿವೆ. ಅವುಗಳಲ್ಲಿ ಕೆಲವಕ್ಕೆ ‘ಸ್ಪಿನ್ ಲಿಕ್ವಿಡ್’ ಎನ್ನುತ್ತಾರೆ. ಅಲ್ಲೇ ಪಕ್ಕದಲ್ಲಿ ‘ಹಿಡನ್ ಆರ್ಡರ್’ ಅನ್ನುವ ಮಾತೂ ಬರುತ್ತದೆ. ಹಿಂದೆ ಒಮ್ಮೆ ಇದರ ಬಗ್ಗೆ ಬರೆದಾಗ ನಾನು ‘ಹತಾಶ ಕಾಂತಗಳು’ ಎಂದು ಹಾಕಿದ್ದೆ. ಅಚ್ಚಿಗೆ ಹೋಗುವ ಮುಂಚೆ ತಿದ್ದಿದವರು ಅದನ್ನು ‘ನಿರಾಶೆಗೊಂಡ ಅಯಸ್ಕಾಂತಗಳು’ ಮಾಡಿದರು. ಓದಿದವರೊಬ್ಬರು, ಹಳೆಯದಾಗಿ ಸೆಳೆಯುವ ಶಕ್ತಿ ಕಳೆದುಕೊಂಡ ಅಯಸ್ಕಾಂತ ಅಂತಲಾ ಇದು, ಅಂತ ಕೇಳಿದರು. ತಿದ್ದಿದವರನ್ನು ನಾನು ದೂರುವುದಿಲ್ಲ. ನಾನಿಟ್ಟ ಪದವೇ ಅವರಿಗೆ ಆ ದಾರಿ ತೋರಿಸಿತ್ತು. ಲೇಖನ ಪೂರ್ತಿ ಓದಿದವರ ತಲೆಯಲ್ಲೂ ಕೊನೆಗೆ ಉಳಿದದ್ದು ಏನೋ ಕೆಟ್ಟುಹೋದ ವಸ್ತು ಎನ್ನುವ ಚಿತ್ರ. ಅದು ನನಗೆ ತುಂಬಾ ನೋವಾಯಿತು, ಯಾಕೆಂದರೆ ನಿಜ ಅದಕ್ಕೆ ಪೂರ್ತಿ ಉಲ್ಟಾ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಪದ ಹುಡುಕೋದು ಆಮೇಲೆ.

ಮೂರು ಬೆಂಕಿಕಡ್ಡಿ ತೆಗೆದುಕೊಳ್ಳಿ. ಮೇಜಿನ ಮೇಲೆ ಒಂದು ತ್ರಿಕೋನ ಬರೆದು ಮೂಲೆಗೊಂದು ಕಡ್ಡಿ ಇಡಿ. ಕಡ್ಡಿಯ ತಲೆ ಮೇಲ್ಗಡೆ ಇರಬೇಕು, ಇಲ್ಲ ಕೆಳಗಡೆ ಇರಬೇಕು, ಅಷ್ಟೇ. ನಿಯಮ ಒಂದೇ: ಪಕ್ಕಪಕ್ಕದ ಕಡ್ಡಿಗಳು ಒಂದಕ್ಕೊಂದು ಎದುರುಮುಖ ಇರಬೇಕು. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಸರಿ. ಮೂರನೆಯದು? ಮೇಲೆ ಮಾಡಿದರೆ ಮೊದಲನೆಯದರ ಜೊತೆ ಆಗಲ್ಲ, ಕೆಳಗೆ ಮಾಡಿದರೆ ಎರಡನೆಯದರ ಜೊತೆ ಆಗಲ್ಲ. ಮೂರು ಕಡ್ಡಿಗೆ ಒಟ್ಟು 8 ಜೋಡಣೆ ಇವೆ. ಅದರಲ್ಲಿ ಮೂರೂ ಒಂದೇ ಕಡೆ ಮುಖ ಮಾಡಿದ 2 ತೀರಾ ಕೆಟ್ಟವು. ಉಳಿದ 6 ಒಂದೇ ಸಮ. ಯಾವುದನ್ನು ಆರಿಸಿಕೊಂಡರೂ ಒಂದು ಬದಿ ಮುನಿದೇ ಇರುತ್ತದೆ, ಬೇರೆ ಬದಿಗಳಿಗಿಂತ ಇದೇ ಮುನಿಯಬೇಕು ಅನ್ನೋದಕ್ಕೆ ಕಾರಣವೂ ಇಲ್ಲ.

ಹರಳಿನೊಳಗೆ ಪರಮಾಣುಗಳು ಹೀಗೆ ಪುಟ್ಟ ಪುಟ್ಟ ಕಾಂತಬಾಣಗಳನ್ನು ಹೊತ್ತಿರುತ್ತವೆ. ಆ ಬಾಣಗಳಿಗೆ ಸ್ಪಿನ್ ಎನ್ನುತ್ತೇವೆ. (ಗಿರಕಿ, ತಿರುಗಣಿ ಎಲ್ಲ ಯೋಚಿಸಿದೆ. ಇಲ್ಲಿ ಏನೂ ಗಿರಗಿರನೆ ಸುತ್ತುವುದಿಲ್ಲ, ಹಾಗಾಗಿ ಸ್ಪಿನ್ ಅಂತಲೇ ಬಿಟ್ಟಿದ್ದೇನೆ. ಅದರ ಬಗ್ಗೆ ಇಲ್ಲಿ ಕೇಳುತ್ತಿಲ್ಲ.) ನಾಲ್ಕು ಮೂಲೆಯ ಚೌಕದಲ್ಲಿ ಕಡ್ಡಿಗಳನ್ನು ಇಟ್ಟು ನೋಡಿ, ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಸಲೀಸಾಗಿ ಕೂರುತ್ತವೆ. ಅಂದರೆ ತೊಂದರೆ ಕಡ್ಡಿಯದ್ದೂ ಅಲ್ಲ, ನಿಯಮದ್ದೂ ಅಲ್ಲ. ಯಾವುದೇ ಎರಡನ್ನು ಬಿಡಿಯಾಗಿ ತೆಗೆದುಕೊಂಡರೆ ಅವುಗಳ ನಡುವೆ ಜಗಳವೇ ಇಲ್ಲ. ಅವು ನಿಂತಿರುವ ಜಾಗದ ಆಕಾರ ಎಲ್ಲರಿಗೂ ಒಟ್ಟಿಗೆ ಸರಿಹೋಗಲು ಬಿಡುತ್ತಿಲ್ಲ. ‘ಫ್ರಸ್ಟ್ರೇಷನ್’ ಅಂದರೆ ಇಲ್ಲಿ ಇಷ್ಟೇ.

ಈ ಪದವನ್ನು ಈ ಅರ್ಥದಲ್ಲಿ ನೆಲೆಗೊಳಿಸಿದ್ದು 1977ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಜೆರಾರ್ ತುಲೂಸ್. ಅವರು ಆಗ ನೋಡುತ್ತಿದ್ದದ್ದು ಸ್ಪಿನ್ ಗ್ಲಾಸ್ ಎನ್ನುವ ಬೇರೆ ಬಗೆಯ ವಸ್ತುಗಳನ್ನು. ತ್ರಿಕೋನದ ಲೆಕ್ಕ ಅದಕ್ಕಿಂತ ಹಳೆಯದು. 1950ರಲ್ಲೇ ವಾನಿಯರ್ ಇದನ್ನು ತ್ರಿಕೋನಗಳನ್ನು ಅಂಚಿಗೆ ಅಂಚು ಜೋಡಿಸಿದ ಇಡೀ ಒಂದು ಹಾಸಿನ ಮೇಲೆ ಬಿಡಿಸಿ ತೋರಿಸಿದ್ದರು. ಸೊನ್ನೆ ಕೆಲ್ವಿನ್‌ಗೆ (ಅದಕ್ಕಿಂತ ತಣ್ಣಗೆ ಯಾವುದೂ ಆಗಲಾರದು) ಇಳಿದರೂ ಅಲ್ಲಿ ಒಂದೇ ಜೋಡಣೆ ಉಳಿಯುವುದಿಲ್ಲ, ಲೆಕ್ಕವಿಲ್ಲದಷ್ಟು ಉಳಿಯುತ್ತವೆ. ಪ್ರತಿ ಸ್ಪಿನ್ನಿಗೆ ಬೋಲ್ಟ್ಸ್‌ಮನ್ ಸ್ಥಿರಾಂಕದ 0.323 ಪಾಲಿನಷ್ಟು ಎಂಟ್ರೊಪಿ, ಅಂದರೆ ಎಷ್ಟು ಬಗೆಯ ಜೋಡಣೆ ಸಾಧ್ಯ ಎನ್ನುವುದರ ಅಳತೆ, ಮಿಕ್ಕಿರುತ್ತದೆ. ಮೇಲೆ ಕೆಳಗೆ ಎಂಬ ಎರಡೇ ಆಯ್ಕೆಯ ಸ್ಪಿನ್ನಿಗೆ ಹೆಚ್ಚೆಂದರೆ ಇರಬಹುದಾದದ್ದು 0.693. ಹೆಚ್ಚು ಕಡಿಮೆ ಅರ್ಧ ಹಾಗೇ ಉಳಿಯಿತು ಅಂತಾಯಿತು.

ಈಗ ಪದಕ್ಕೆ ಬರೋಣ.

ಹತಾಶ ಅಂದರೆ ಆಸೆ ಸತ್ತವನು. ಅವನು ಕೈಚೆಲ್ಲಿ ಕೂತಿದ್ದಾನೆ. ಭಗ್ನ ಅಂದರೆ ಮುರಿದದ್ದು. ಕುಂಠಿತ ಅಂದರೆ ಬೆಳೆಯಬೇಕಾದ್ದು ಬೆಳೆಯದೆ ನಿಂತದ್ದು. ಈ ಮೂರರಲ್ಲೂ ಕಥೆ ಮುಗಿದುಹೋಗಿದೆ. ನಮ್ಮ ಸ್ಪಿನ್ನಿನದ್ದು ಅಲ್ಲಿಂದ ಶುರುವಾಗುತ್ತದೆ. ಸುಮ್ನೆ ‘ಫ್ರಸ್ಟ್ರೇಟೆಡ್’ ಅಂತಲೇ ಬಿಡಬಹುದಲ್ಲ ಅಂದರೆ ಅದು ಇನ್ನೂ ಕಷ್ಟ. ಇವತ್ತು ಕನ್ನಡದಲ್ಲಿ ‘ಫ್ರಸ್ಟ್ರೇಟ್ ಆಗಿದೀನಿ’ ಅಂದರೆ ಬೇಸರ, ಸಿಟ್ಟು, ಸಾಕಾಗಿಹೋಗಿದೆ ಅಂತಲೇ ಅರ್ಥ. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ತಡೆಯೊಡ್ಡು, ಆಗಗೊಡದಿರು’ ಎನ್ನುವ ಅರ್ಥವೂ ಇದೆ. ನಮ್ಮಲ್ಲಿಗೆ ಬಂದದ್ದು ಮನಸ್ಸಿನ ಅರ್ಥ ಮಾತ್ರ.

ಹಾಗಾಗಿ ಮನಸ್ಸಿನ ಪದ ಬಿಟ್ಟು ಪರಿಸ್ಥಿತಿಯ ಪದ ಹುಡುಕಿದೆ. ಪೇಚು ಸಿಕ್ಕಿತು. ‘ಪೇಚಿಗೆ ಸಿಕ್ಕಿದ’ ಸರಿಯಾಗಿಯೇ ಇದೆ, ಆದರೆ ಪೇಚಾಟ ಅಂದ ತಕ್ಷಣ ಮುಜುಗರ ಬಂದು ಸೇರಿಕೊಳ್ಳುತ್ತದೆ. ತಿಕ್ಕಾಟ ಬೇಡ, ಅದು ಇಬ್ಬರ ನಡುವಿನ ಜಗಳ, ಇಲ್ಲಿ ಇಬ್ಬರ ನಡುವೆ ಜಗಳವೇ ಇಲ್ಲ ಅಂತ ಆಗಲೇ ನೋಡಿದೆವು. ತಾಕಲಾಟ, ಹೊಯ್ದಾಟ ಒಬ್ಬನ ಒಳಗೇ ನಡೆಯುವುದು. ಉಭಯಸಂಕಟದಲ್ಲಿ ಮೂರನೆಯವನು ಇಲ್ಲ.

ಇಕ್ಕಟ್ಟು ನನಗೆ ತುಂಬಾ ಹಿಡಿಸಿದ್ದು ಅದರ ಎರಡು ಅರ್ಥಕ್ಕೆ. ಜಾಗ ಸಾಲದೆ ಒತ್ತೊತ್ತಾಗಿರುವುದೂ ಇಕ್ಕಟ್ಟು. ಯಾವ ಕಡೆ ಹೋದರೂ ತಪ್ಪಾಗುವ ಸ್ಥಿತಿಯೂ ಇಕ್ಕಟ್ಟು. ಜಾಗದ ಆಕಾರದಿಂದಾಗಿಯೇ ಆಯ್ಕೆ ಸಿಕ್ಕಿಹಾಕಿಕೊಳ್ಳುವುದು ಅಂದರೆ ಈ ಎರಡೂ ಅರ್ಥ ಕೂಡಿದ್ದೇ ಅಲ್ವಾ? ‘ಜಿಯೊಮೆಟ್ರಿಕಲ್ ಫ್ರಸ್ಟ್ರೇಷನ್’ಗೆ ‘ಆಕಾರದ ಇಕ್ಕಟ್ಟು’ ಅಂದರೆ ವಿವರಣೆಯೇ ಬೇಕಿಲ್ಲ. ಇನ್ನೊಂದು ಲಾಭವೂ ಇದೆ. ಇಕ್ಕಟ್ಟನ್ನು ಅಳೆಯಬಹುದು. ಜಾಸ್ತಿ ಇಕ್ಕಟ್ಟು, ಕಡಿಮೆ ಇಕ್ಕಟ್ಟು ಅಂತ ಯಾರು ಬೇಕಾದರೂ ಹೇಳುತ್ತಾರೆ. ಭೌತವಿಜ್ಞಾನಿಗಳೂ ಅಳೆಯುತ್ತಾರೆ. ಸ್ಪಿನ್‌ಗಳ ನಡುವಿನ ಎಳೆತ ಎಷ್ಟು ಕೆಲ್ವಿನ್ ಮಟ್ಟದ್ದು, ಆದರೆ ಅವು ಸಾಲಾಗಿ ನಿಂತದ್ದು ಎಷ್ಟು ಕೆಲ್ವಿನ್‌ಗೆ ಇಳಿದ ಮೇಲೆ, ಈ ಎರಡರ ಅನುಪಾತ ನೋಡುವ ಪದ್ಧತಿಯನ್ನು 1994ರಲ್ಲಿ ರಾಮಿರೆಜ್ ಬಳಕೆಗೆ ತಂದರು. ಅನುಪಾತ ದೊಡ್ಡದಾದಷ್ಟೂ ಇಕ್ಕಟ್ಟು ಜಾಸ್ತಿ.

ಇಕ್ಕಟ್ಟಿನ ಇನ್ನೊಂದು ಗುಣ, ಅದರಿಂದ ಹೊರಬರಲು ರಾಜಿ ಆಗಬಹುದು. ಹತಾಶನಾದವನು ರಾಜಿ ಆಗುವುದಿಲ್ಲ, ಇಕ್ಕಟ್ಟಿಗೆ ಸಿಕ್ಕವನು ಆಗುತ್ತಾನೆ. ಬಾಣಗಳು ಮೇಲೆ ಕೆಳಗೆ ಮಾತ್ರವಲ್ಲ, ಯಾವ ದಿಕ್ಕಿಗಾದರೂ ತಿರುಗಬಹುದು ಅಂದುಕೊಳ್ಳಿ. ಆಗ ತ್ರಿಕೋನದ ಮೂರು ಸ್ಪಿನ್‌ಗಳು ಒಂದಕ್ಕೊಂದು 120 ಡಿಗ್ರಿ ಓರೆಯಾಗಿ ನಿಂತು ರಾಜಿ ಮಾಡಿಕೊಳ್ಳುತ್ತವೆ. ಯಾರಿಗೂ ಪೂರ್ತಿ ಸಂತೋಷವಿಲ್ಲ, ಯಾರಿಗೂ ಪೂರ್ತಿ ನಷ್ಟವೂ ಇಲ್ಲ. ಪಿ. ಡಬ್ಲ್ಯೂ. ಆಂಡರ್ಸನ್ 1973ರಲ್ಲಿ ತ್ರಿಕೋನದ ಹಾಸು ಹೀಗೆ ರಾಜಿಗೆ ಬರುವುದಿಲ್ಲ, ಬದಲಿಗೆ ಸ್ಪಿನ್‌ಗಳು ಎರಡೆರಡಾಗಿ ಜೋಡಿ ಕಟ್ಟಿ, ಜೋಡಿಗಳು ಒಂದೇ ಕಡೆ ನಿಲ್ಲದೆ ಎಲ್ಲ ಸಾಧ್ಯ ಜೋಡಿಗಳೂ ಒಟ್ಟಿಗೇ ಬೆರೆತ ಸ್ಥಿತಿಯಲ್ಲಿ ಇರುತ್ತವೆ ಎಂದು ಸೂಚಿಸಿದ್ದರು. ಸ್ಪಿನ್ ಲಿಕ್ವಿಡ್ ಅನ್ನುವ ಯೋಚನೆಯ ಬೇರು ಇದೇ. ಆಂಡರ್ಸನ್ ತೆಗೆದುಕೊಂಡಿದ್ದ ಸರಳ ತ್ರಿಕೋನದ ಹಾಸು ಕೊನೆಗೆ 120 ಡಿಗ್ರಿ ರಾಜಿಗೇ ಬರುತ್ತದೆ ಎಂದು ಮುಂದಿನ ಲೆಕ್ಕಗಳು ತೋರಿಸಿದವು, ಆದರೆ ಯೋಚನೆ ಉಳಿಯಿತು, ಬೇರೆ ಹಾಸುಗಳಿಗೆ ಹೋಯಿತು.

ಆ ಬೇರೆ ಹಾಸುಗಳಲ್ಲಿ ಒಂದರ ಹೆಸರು ಕಾಗೊಮೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಪದ ಸಿಕ್ಕ ದಿನ ನನಗೆ ತುಂಬಾ ಖುಷಿಯಾಗಿತ್ತು. ಕಾಗೊಮೆ ಜಪಾನಿ ಪದ. ಕಾಗೊ ಅಂದರೆ ಬುಟ್ಟಿ, ಮೆ ಅಂದರೆ ಕಣ್ಣು. ಬಿದಿರಿನ ಸೀಳುಗಳನ್ನು ಮೂರು ದಿಕ್ಕಿಗೆ ಹೆಣೆದಾಗ ಆರು ಮೂಲೆಯ ಕಿಂಡಿಗಳೂ ಅವುಗಳ ಸುತ್ತ ಪುಟ್ಟ ತ್ರಿಕೋನಗಳೂ ಏಳುತ್ತವೆ. ತ್ರಿಕೋನಗಳು ಬದಿ ಹಂಚಿಕೊಳ್ಳುವುದಿಲ್ಲ, ಮೂಲೆ ಮಾತ್ರ ಹಂಚಿಕೊಳ್ಳುತ್ತವೆ. 1951ರಲ್ಲಿ ಇತಿರೊ ಶೋಜಿ ಈ ಹೆಣಿಗೆಯ ಕಾಂತಗುಣದ ಲೆಕ್ಕ ಮಾಡಿದಾಗಿನಿಂದ ಆ ಹೆಸರು ವಿಜ್ಞಾನದಲ್ಲಿ ನಿಂತಿದೆ. ಈಗ ನೋಡಿ, ಕನ್ನಡದಲ್ಲೂ ನಾವು ಕಿಂಡಿಗೆ ಕಣ್ಣು ಅಂತಲೇ ಅನ್ನುತ್ತೇವೆ! ಬಲೆಯ ಕಣ್ಣು, ಜರಡಿಯ ಕಣ್ಣು. ಸಣ್ಣಗಣ್ಣಿನ ಜರಡಿ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಕಾಗೊಮೆಗೆ ‘ಬುಟ್ಟಿಗಣ್ಣು’, ಆ ಹಾಸನ್ನು ‘ಬುಟ್ಟಿಗಣ್ಣಿನ ಹೆಣಿಗೆ’ ಅಂದೆ. ಜಪಾನಿನವರು ನೋಡಿದ್ದನ್ನೇ ನಾವೂ ನೋಡಿ ಅದೇ ಹೆಸರಿಟ್ಟ ಹಾಗೆ ಆಯಿತು. ಇದಕ್ಕೆ ಆಕ್ಷೇಪ ಇರಲಾರದು ಅಂದುಕೊಂಡಿದ್ದೇನೆ. ಇದ್ದರೆ ಹೇಳಿ.

ಈ ಬುಟ್ಟಿಗಣ್ಣಿನ ಹೆಣಿಗೆ ಇರುವ ಒಂದು ಖನಿಜ ಹರ್ಬರ್ಟ್‌ಸ್ಮಿತೈಟ್. ಹಸಿರು ಬಣ್ಣದ ಹರಳು. 2004ರಲ್ಲಿ ಇದಕ್ಕೆ ಹರ್ಬರ್ಟ್ ಸ್ಮಿತ್ ಎಂಬ ಬ್ರಿಟಿಷ್ ಖನಿಜತಜ್ಞರ ಹೆಸರಿಟ್ಟರು. ಅದರಲ್ಲಿ ತಾಮ್ರದ ಪರಮಾಣುಗಳು ಬುಟ್ಟಿಗಣ್ಣಿನ ಪದರಗಳಾಗಿ ಕುಳಿತಿವೆ, ಪದರದ ನಡುವೆ ಕಾಂತಗುಣವಿಲ್ಲದ ಸತು. ತಾಮ್ರದ ಸ್ಪಿನ್‌ಗಳ ನಡುವಿನ ಎಳೆತ ಸುಮಾರು 200 ಕೆಲ್ವಿನ್ ಮಟ್ಟದ್ದು. ಬೇರೆ ವಸ್ತುವಾಗಿದ್ದರೆ ಆ ಆಸುಪಾಸಿನಲ್ಲೇ ಸ್ಪಿನ್‌ಗಳು ಸಾಲು ಹಿಡಿದು ನಿಂತುಬಿಡಬೇಕಿತ್ತು. ಇದನ್ನು 0.05 ಕೆಲ್ವಿನ್‌ವರೆಗೆ ತಣಿಸಿದರೂ ನಿಲ್ಲಲಿಲ್ಲ. ನಾಲ್ಕು ಸಾವಿರ ಪಟ್ಟು ಕೆಳಗೆ!

ಇದಕ್ಕೆ ‘ಸ್ಪಿನ್ ದ್ರವ’ ಅನ್ನಬಹುದಾ? ಕಲ್ಲು ಗಟ್ಟಿಯಾಗಿಯೇ ಇದೆ, ದ್ರವ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ದ್ರವ ಇರಲಿ. ಇಲ್ಲಿ ಕೆಲಸ ಮಾಡುವುದು ದ್ರವ ಎನ್ನುವ ನಾಮಪದಕ್ಕಿಂತ ಹೆಪ್ಪುಗಟ್ಟು ಎನ್ನುವ ಕ್ರಿಯಾಪದ. ಪರಮಾಣುಗಳು ಹೆಪ್ಪುಗಟ್ಟಿವೆ, ಅವುಗಳ ಬಾಣಗಳು ಹೆಪ್ಪುಗಟ್ಟಿಲ್ಲ. ಸಾಮಾನ್ಯ ಒತ್ತಡದಲ್ಲಿ ಹೀಲಿಯಂ ಎಷ್ಟು ತಣಿಸಿದರೂ ಗಟ್ಟಿಯಾಗದೆ ದ್ರವವಾಗಿಯೇ ಉಳಿಯುತ್ತದಲ್ಲ, ಹಾಗೆ. ಇದೇ ಕುಟುಂಬದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಹಾಗೇ ಹೆಪ್ಪುಗಟ್ಟಿದ್ದಕ್ಕೆ ಸ್ಪಿನ್ ಗಾಜು ಅನ್ನಬಹುದು, ನೀರಿನ ಹಿಮದಲ್ಲಿ ಪ್ರತಿ ಆಮ್ಲಜನಕದ ಸುತ್ತಲಿನ ನಾಲ್ಕು ಹೈಡ್ರೋಜನ್ ಪಾಲಿಸುವ ‘ಎರಡು ಹತ್ತಿರ, ಎರಡು ದೂರ’ ನಿಯಮವನ್ನೇ ‘ಎರಡು ಒಳಗೆ, ಎರಡು ಹೊರಗೆ’ ಅಂತ ಪಾಲಿಸುವ ಸ್ಪಿನ್‌ಗಳಿಗೆ ಸ್ಪಿನ್ ಹಿಮ ಅನ್ನಬಹುದು. ಗಾಜು, ಹಿಮ, ದ್ರವ, ಮೂರೂ ಒಟ್ಟಿಗೆ ಕೂರುತ್ತವೆ. ಒಂದನ್ನು ಬದಲಾಯಿಸಿದರೆ ಉಳಿದವು ಸಡಿಲವಾಗುತ್ತವೆ.

ಆದರೆ ಇದನ್ನು ‘ಅವ್ಯವಸ್ಥೆ’ ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಸ್ಪಿನ್ ದ್ರವದಲ್ಲಿ ಬಾಣಗಳು ಸಾಲಾಗಿ ನಿಂತಿಲ್ಲ ನಿಜ, ಹಾಗಂತ ಅವು ಒಂದನ್ನೊಂದು ಮರೆತಿಲ್ಲ. ತುಂಬಾ ದೂರದವರೆಗೆ ಒಂದಕ್ಕೊಂದು ಹೆಣೆದುಕೊಂಡಿವೆ. ಯಾವ ಸ್ಪಿನ್ನಿನ ದಿಕ್ಕನ್ನೂ ಬಿಡಿಯಾಗಿ ಹೇಳಲು ಬರುವುದಿಲ್ಲ, ಎಲ್ಲದರ ಲೆಕ್ಕ ಒಟ್ಟಿಗೇ ಹೇಳಬೇಕು.

ಇಲ್ಲಿಗೆ ನಾನು ಸಿಕ್ಕಿಕೊಂಡಿರುವ ನಿಜವಾದ ಪದ ಬಂತು: ‘ಆರ್ಡರ್’.

ಪಠ್ಯಗಳಲ್ಲಿ ‘ಕ್ರಮ’ ಇದೆ. ಕ್ರಮ ಅಂದರೆ ಒಂದಾದ ಮೇಲೊಂದು ಬರುವುದು. ಕ್ರಮ ಕೈಗೊಳ್ಳುವುದೂ ಕ್ರಮವೇ. ಅದೂ ಹೋಗಲಿ ಅಂದರೆ ‘ಡಿಸ್‌ಆರ್ಡರ್’ಗೆ ಏನು ಮಾಡುವುದು? ಅಕ್ರಮ ಅಂದರೆ ಕಾನೂನು ಮುರಿದದ್ದು, ಕ್ರಮಭಂಗ ಅಂದರೆ ಯಾರೋ ಬೇಕೆಂದೇ ಕೆಡಿಸಿದ್ದು. ವ್ಯವಸ್ಥೆ ಅಂದರೆ ಯಾರೋ ಏರ್ಪಾಟು ಮಾಡಿದ್ದು. ಶಿಸ್ತು ಅಂದರೆ ಹೇಳಿಸಿಕೊಂಡು ಪಾಲಿಸುವುದು. ಸ್ಪಿನ್ನಿಗೆ ಯಾರೂ ಏನೂ ಹೇಳಿಲ್ಲ.

ನಾನು ‘ಓರಣ’ ಅಂತ ಬಳಸಿ ನೋಡುತ್ತಿದ್ದೇನೆ. ಪುಸ್ತಕಗಳನ್ನು ಓರಣವಾಗಿ ಜೋಡಿಸಿಟ್ಟರು ಅಂದಾಗ ಕಣ್ಣಿಗೆ ಕಾಣುವುದು ಜಾಗದಲ್ಲಿನ ಜೋಡಣೆಯೇ, ಕಾಲದಲ್ಲಿ ಒಂದಾದ ಮೇಲೊಂದು ಬರುವುದಲ್ಲ. ಸ್ಪಿನ್‌ಗಳು ಓರಣಗೊಂಡವು, ಓರಣ ತಪ್ಪಿತು, ಓರಣವಿಲ್ಲದ ಸ್ಥಿತಿ ಎಲ್ಲ ಸಲೀಸಾಗಿ ಬರುತ್ತವೆ. ಒಂದೇ ಅಳುಕು: ಓರಣದಲ್ಲಿ ಅಂದದ ನೆರಳು ಇದೆ, ಯಾರೋ ಕೈಯಾರೆ ಒಪ್ಪ ಮಾಡಿದ ಹಾಗೆ. ನಿಮಗೂ ಹಾಗೆ ಕೇಳಿಸುತ್ತದಾ? ಇನ್ನು ಮ್ಯಾಗ್ನೆಟ್‌ಗೆ ಸೂಜಿಗಲ್ಲು, ಅಯಸ್ಕಾಂತ ಎರಡನ್ನೂ ಬಿಟ್ಟಿದ್ದೇನೆ. ಒಂದು ಸೂಜಿಯನ್ನು ಸೆಳೆಯುವ ಕಲ್ಲು, ಇನ್ನೊಂದು ಕಬ್ಬಿಣಕ್ಕೆ ಪ್ರಿಯವಾದದ್ದು. ನಮ್ಮ ವಸ್ತುಗಳಲ್ಲಿ ಎದುರುಬದುರು ಬಾಣಗಳು ಒಂದನ್ನೊಂದು ಅಳಿಸಿಹಾಕುವುದರಿಂದ ಹೊರಗೆ ಸೆಳೆತವೇ ಇರುವುದಿಲ್ಲ. ಬರೀ ‘ಕಾಂತ’ ಸಾಕು.

ಕೊನೆಯದು ‘ಹಿಡನ್’. ‘ಗುಪ್ತ’ ಅಂದರೆ ಬೇಕೆಂದೇ ಮುಚ್ಚಿಟ್ಟದ್ದು ಅನಿಸುತ್ತದೆ. ‘ಮರೆಯಾದ’ ಅಂದರೆ ಮುಂಚೆ ಕಂಡಿತ್ತು, ಈಗ ಇಲ್ಲ. ‘ಬಚ್ಚಿಟ್ಟ’ ಅಂದರೆ ಬಚ್ಚಿಟ್ಟವರು ಬೇಕು. ಕನ್ನಡದಲ್ಲಿ ಇಷ್ಟೊಂದು ಪದ ಇರುವುದು ಒಳ್ಳೆಯದೇ, ಆದರೆ ಪ್ರತಿಯೊಂದೂ ಬೇರೆ ಬೇರೆ ಕಥೆ ಹೇಳುತ್ತದೆ. ಹಾಗಾಗಿ ಯಾವ ಕಥೆ ನಿಜ ಅಂತ ನೋಡಿಯೇ ಆರಿಸಬೇಕು.

1949ರಲ್ಲಿ ಶಲ್ ಮತ್ತು ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡಿನ ಮೇಲೆ ನ್ಯೂಟ್ರಾನ್ ಹಾಯಿಸಿ, ಎದುರುಬದುರು ನಿಂತ ಸ್ಪಿನ್‌ಗಳ ಓರಣವನ್ನು ಮೊದಲ ಸಲ ನೇರವಾಗಿ ತೋರಿಸಿದರು. ಅಲ್ಲಿಂದಾಚೆ ಸ್ಪಿನ್‌ಗಳ ಓರಣ ನೋಡುವ ಕಣ್ಣು ಅಂದರೆ ನ್ಯೂಟ್ರಾನ್. ಬಾಣಗಳು ಓರಣವಾಗಿದ್ದರೆ, ಹರಳಿನಿಂದ ಚದುರಿ ಬಂದ ನ್ಯೂಟ್ರಾನ್‌ಗಳ ಚಿತ್ರದಲ್ಲಿ ಚೂಪಾದ ಚುಕ್ಕಿಗಳು ಬೀಳುತ್ತವೆ. 1985ರಲ್ಲಿ ಯುರೇನಿಯಂ, ರುಥೇನಿಯಂ, ಸಿಲಿಕಾನ್ ಸೇರಿದ ಒಂದು ಲೋಹದಲ್ಲಿ 17.5 ಕೆಲ್ವಿನ್ ಹತ್ತಿರ ಉಷ್ಣಧಾರಣೆ (ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖ) ಥಟ್ಟನೆ ಜಿಗಿದದ್ದು ಕಂಡಿತು. ಒಳಗೆ ಏನೋ ಓರಣಗೊಂಡಿದೆ ಅಂತ ಬಿಸಿಯ ಲೆಕ್ಕ ಖಡಾಖಂಡಿತವಾಗಿ ಹೇಳುತ್ತಿದೆ. ನ್ಯೂಟ್ರಾನ್ ಕಣ್ಣಿಗೆ ಸಿಕ್ಕ ಬಾಣಗಳು ಮಾತ್ರ ಆ ಜಿಗಿತಕ್ಕೆ ಏನೇನೂ ಸಾಲದಷ್ಟು ಸಣ್ಣವು. ಅದು ಇಕ್ಕಟ್ಟಿನ ಕಾಂತವಲ್ಲ, ಆದರೆ ‘ಹಿಡನ್ ಆರ್ಡರ್’ ಅನ್ನುವ ಹೆಸರು ಜಾಸ್ತಿ ಅಂಟಿಕೊಂಡದ್ದು ಆ ಲೋಹಕ್ಕೇ. ಇಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ನಮ್ಮ ಕಣ್ಣಿಗೆ ಕಾಣುತ್ತಿಲ್ಲ, ಅಷ್ಟೇ. ಅದಕ್ಕೇ ‘ಕಾಣದ ಓರಣ’ ಅಂದೆ.

ಆದರೆ ಇಕ್ಕಟ್ಟಿನ ಕಾಂತಗಳಲ್ಲಿ ಇದಕ್ಕಿಂತ ಬೇರೆ ಥರದ್ದೂ ಇದೆ. ಗ್ಯಾಡೊಲಿನಿಯಂ ಗ್ಯಾಲಿಯಂ ಗಾರ್ನೆಟ್ ಅನ್ನುವ ಹರಳನ್ನು ತುಂಬಾ ಕಾಲ ಬರೀ ಓರಣವಿಲ್ಲದ ಸ್ಪಿನ್ ದ್ರವ ಎಂದು ನೋಡುತ್ತಿದ್ದರು. 2015ರಲ್ಲಿ ಪ್ಯಾಡಿಸನ್ ಮತ್ತು ಜೊತೆಗಾರರು, ಚೂಪಾದ ಚುಕ್ಕಿ ಇಲ್ಲದಿದ್ದರೇನಂತೆ ಅಂತ, ನ್ಯೂಟ್ರಾನ್ ಚಿತ್ರದ ಮಸುಕು ಭಾಗವನ್ನೇ ಹಿಡಿದು ಕೂತರು. ಆ ಮಸುಕಿಗೆ ಹೊಂದುವ ಹಾಗೆ ಕಂಪ್ಯೂಟರಿನಲ್ಲಿ ಸ್ಪಿನ್‌ಗಳನ್ನು ಹೊಂದಿಸಿ ನೋಡಿದರು. ಬಿಡಿ ಸ್ಪಿನ್‌ಗಳನ್ನು ನೋಡಿದರೆ ಓರಣ ಇಲ್ಲ. ಆದರೆ ಹರಳಿನೊಳಗೆ ಹತ್ತತ್ತು ಸ್ಪಿನ್‌ಗಳ ಬಳೆಗಳಿವೆ. ಒಂದು ಬಳೆಯ ಹತ್ತನ್ನೂ ಒಂದು ಬಿಟ್ಟು ಒಂದರ ದಿಕ್ಕು ತಿರುಗಿಸಿ ಕೂಡಿದರೆ ಒಂದು ಗೆರೆ ಸಿಗುತ್ತದೆ. ಆ ಗೆರೆಗಳು ಹರಳಿನ ಉದ್ದಕ್ಕೂ ಓರಣವಾಗಿವೆ! ಆಗ ಹೇಳಿದ ಬೆಂಕಿಕಡ್ಡಿ ನೆನಪಿಸಿಕೊಳ್ಳಿ. ಆ ಗೆರೆಗೆ ಕಡ್ಡಿಯ ಹಾಗೆ ದಿಕ್ಕಿದೆ, ತಲೆ ಯಾವುದು ಬುಡ ಯಾವುದು ಅನ್ನುವುದಿಲ್ಲ. ತಲೆ ಉದುರಿಹೋದ ಕಡ್ಡಿ. ಬಾಣ ಹುಡುಕುವ ಕಣ್ಣಿಗೆ ಇದು ನೇರವಾಗಿ ಸಿಗುವುದು ಹೇಗೆ?

ಇದಕ್ಕೆ ‘ಕಾಣದ’ ಅನ್ನುವುದು ಸ್ವಲ್ಪ ಕಡಿಮೆಯಾಯಿತು ಅನಿಸುತ್ತದೆ. ಈ ಓರಣ ಎಲ್ಲಿದೆ ಅಂತ ಗೊತ್ತಿದೆ, ಬಳೆಗಳ ಒಳಗಿದೆ. ‘ಹುದುಗಿದ ಓರಣ’ ಅಂದರೆ ಹೆಚ್ಚು ಹೊಂದುತ್ತದೆ. ಎಲ್ಲಿದೆ ಎಂದೇ ಒಮ್ಮತವಿಲ್ಲದ ಯುರೇನಿಯಂ ವಸ್ತುವಿಗೆ ‘ಹುದುಗಿದ’ ಅಂದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದ ಹಾಗೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಕನ್ನಡದಲ್ಲಿ ಎರಡು ಇಟ್ಟುಕೊಂಡರೆ ಓದುವವರಿಗೆ ಗೊಂದಲವಾಗುತ್ತದಾ, ಇಲ್ಲ ಇನ್ನೂ ತಿಳಿಯಾಗುತ್ತದಾ? ಎರಡಕ್ಕೂ ಹೊಂದುವ ಒಂದೇ ಪದ ‘ಅಡಗಿದ’ ಇದೆ, ಆದರೆ ಅಡಗುವುದರಲ್ಲಿ ಸಿಕ್ಕಿಬೀಳಬಾರದು ಅನ್ನುವ ಉದ್ದೇಶ ಇಣುಕುತ್ತದೆ ಅಂತ ನನಗೆ ಅನಿಸುತ್ತದೆ. ಬೇರೆ ಕಡೆಯ ಮಾತಿನಲ್ಲಿ ಹಾಗಿಲ್ಲದಿದ್ದರೆ ನಾನು ಖುಷಿಯಿಂದ ಅದನ್ನೇ ತೆಗೆದುಕೊಳ್ಳುತ್ತೇನೆ.

ಇನ್ನೊಂದು ಸಣ್ಣದು. ‘ಇಕ್ಕಟ್ಟಿನ ಕಾಂತ’ ಅಂತ ಬಿಡಿಯಾಗಿ ಓದಿದಾಗ, ‘ಇಕ್ಕಟ್ಟಿನ ಕೋಣೆ’ಯ ಹಾಗೆ ಕಿರಿದಾದದ್ದು ಅಂತ ಮೊದಲು ಕೇಳಿಸುತ್ತದಾ? ‘ಇಕ್ಕಟ್ಟಿಗೆ ಸಿಕ್ಕ ಕಾಂತ’ ಅಂದರೆ ಅನುಮಾನವಿಲ್ಲ, ಆದರೆ ತಲೆಬರಹಕ್ಕೆ ಉದ್ದ, ಸಮಾಸಕ್ಕೂ ಬಗ್ಗುವುದಿಲ್ಲ. ಒಂದು ಸಲ ಜೋರಾಗಿ ಓದಿ ನೋಡಿ, ಕಿವಿಗೆ ಮೊದಲು ಯಾವ ಅರ್ಥ ಬಂತು ಅಂತ ಅಷ್ಟು ಬರೆದರೂ ನನಗೆ ಸಾಕು.